ವಾಕ್ಯದ ರೂಪ ಮತ್ತು ವಾಕ್ಯದ ಕೆಲಸ

ಭಾಷೆ ಇರುವುದು ಏತಕ್ಕೆ? ಈ ಪ್ರಶ್ನೆಯನ್ನು ಯಾರಿಗೆ ಹಾಕಿದರೂ 'ವಿಷಯವನ್ನು ಮತ್ತೊಬ್ಬರಿಗೆ ತಿಳಿಸುವುದಕ್ಕೆ' ಎಂಬ ಉತ್ತರ ಒಡನೆಯೇ ಬರುತ್ತದೆ. ಉತ್ತರ ಸುಳ್ಳಲ್ಲ, ಆದರೆ ಅಪೂರ್ಣ. ದಾರಿಯಲ್ಲಿ ಎದುರಾದ ಪರಿಚಿತರನ್ನು ನಾವು 'ಊಟವಾಯಿತೆ?' ಎಂದು ಕೇಳುತ್ತೇವಷ್ಟೆ. ಅವರು ಉಂಡರೋ ಇಲ್ಲವೋ ಎಂಬ ಸಮಾಚಾರ ನಮಗೆ ಬೇಕಾಗಿರುವುದಿಲ್ಲ. ಸ್ನೇಹದ ಎಳೆ ಕಡಿಯದಿರಲೆಂದು ಆಡಿದ ಮಾತು ಅದು. ವಾಕ್ಯದ ರೂಪ ಪ್ರಶ್ನೆಯದು. ಅದು ಮಾಡುವ ಕೆಲಸ ಕುಶಲೋಪಚಾರದ್ದು. ರೂಪ ಬೇರೆ, ಕೆಲಸ ಬೇರೆ ಎಂಬ ಈ ಸಣ್ಣ ಸಂಗತಿಯನ್ನು ಮರೆತರೆ ಎಂತಹ ಅನರ್ಥವಾಗಬಹುದೆಂಬುದನ್ನು, ಇಂಗ್ಲಿಷಿನ ಐದೇ ಪದಗಳ ವಾಕ್ಯವೊಂದರಿಂದ ತಿಳಿಯಬಹುದು. ಅದಕ್ಕೆ ಮೊದಲು ಭಾಷೆಯ ಕೆಲಸಗಳನ್ನೂ ಇಂಗ್ಲಿಷ್ ವಾಕ್ಯದ ಕಟ್ಟಡವನ್ನೂ ತುಸು ಪರಿಶೀಲಿಸೋಣ.

ಭಾಷೆಯ ಕೆಲಸಗಳು

ಟ್ರೋಬ್ರಿಯಾಂಡ್ ದ್ವೀಪಗಳ ಜನರ ನಡುವೆ ವಾಸಿಸಿ ಅವರ ಜೀವನವನ್ನು ಅಭ್ಯಾಸಮಾಡಿದ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ, ಬರಿಯ ಸಂಬಂಧವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಆಡುವ ಮಾತುಗಳುಂಟೆಂದು 1923ರಲ್ಲಿ ಎತ್ತಿತೋರಿಸಿದನು. ಸಂಗತಿಯನ್ನು ತಿಳಿಸುವುದು, ಮನಸ್ಸಿನ ಭಾವವನ್ನು ಹೊರಗೆಡಹುವುದು, ಕೇಳುಗನನ್ನು ಕಾರ್ಯಕ್ಕೆ ತೊಡಗಿಸುವುದು ಎಂದು ಮನಶ್ಶಾಸ್ತ್ರಜ್ಞ ಕಾರ್ಲ್ ಬ್ಯೂಲರ್ 1934ರಲ್ಲಿ ಮೂರು ಕೆಲಸಗಳನ್ನು ಗುರುತಿಸಿದನು. 1960ರಲ್ಲಿ ಭಾಷಾವಿಜ್ಞಾನಿ ರೋಮನ್ ಯಾಕಬ್‌ಸನ್ ಈ ಪಟ್ಟಿಯನ್ನು ಆರಕ್ಕೆ ಏರಿಸಿದನು.

ಈ ಆರನ್ನೂ ನಮ್ಮ ನಿತ್ಯದ ಮಾತಿನಲ್ಲೇ ಕಾಣಬಹುದು. 'ಮಳೆ ಬರುತ್ತಿದೆ' ಎಂಬುದು ಸಂಗತಿ. 'ಅಯ್ಯೋ, ಮಳೆ!' ಎಂಬುದು ಭಾವ. 'ಕೊಡೆ ತಾ' ಎಂಬುದು ಕಾರ್ಯಪ್ರೇರಣೆ. ದೂರವಾಣಿಯಲ್ಲಿ 'ಹಲೋ, ಕೇಳಿಸುತ್ತಿದೆಯೆ?' ಎಂದಾಗ ನಾವು ಸಂಪರ್ಕವನ್ನು ಪರೀಕ್ಷಿಸುತ್ತೇವೆ. 'ಕೊಡೆ ಎಂದರೆ ಛತ್ರಿ' ಎಂದಾಗ ಭಾಷೆಯೇ ಭಾಷೆಯನ್ನು ವಿವರಿಸುತ್ತದೆ. ಗಾದೆಯ ಪ್ರಾಸ ಕಿವಿಗೆ ಇಂಪಾದಾಗ ಮಾತಿನ ಸೊಗಸೇ ನಮ್ಮ ಗಮನವನ್ನು ಸೆಳೆಯುತ್ತದೆ.

ಸ್ಥಾನವೇ ವಿಭಕ್ತಿ

ಇನ್ನು ಇಂಗ್ಲಿಷ್ ವಾಕ್ಯದ ಕಟ್ಟಡ. 'ಬೇಟೆಗಾರನು ಹುಲಿಯನ್ನು ಕೊಂದನು' ಎಂಬುದನ್ನು 'ಹುಲಿಯನ್ನು ಬೇಟೆಗಾರನು ಕೊಂದನು' ಎಂದು ತಿರುಗಿಸಿದರೂ ಸತ್ತದ್ದು ಹುಲಿಯೇ. 'ಅನ್ನು' ಎಂಬ ಪ್ರತ್ಯಯವು ಕರ್ಮಪದವನ್ನು ಹಿಡಿದು ತೋರಿಸುತ್ತದೆ. ಇಂಗ್ಲಿಷಿನಲ್ಲಿ 'ದಿ ಹಂಟರ್ ಕಿಲ್ಡ್ ದಿ ಟೈಗರ್' ಎಂಬುದನ್ನು ತಿರುಗಿಸಿದರೆ ಬೇಟೆಗಾರನೇ ಸಾಯುತ್ತಾನೆ! ಅಲ್ಲಿ ಕ್ರಿಯಾಪದಕ್ಕೆ ಮುಂಚೆ ಬಂದದ್ದು ಕರ್ತೃ, ಅನಂತರ ಬಂದದ್ದು ಕರ್ಮ. ಸಾವಿರ ವರ್ಷಗಳ ಹಿಂದೆ ಇಂಗ್ಲಿಷಿಗೂ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಅವು ಸವೆದುಹೋದಂತೆ ಅವುಗಳ ಕೆಲಸವನ್ನು ಪದಗಳ ಸ್ಥಾನವು ವಹಿಸಿಕೊಂಡಿತು. 'ಹಿ', 'ಹಿಮ್' ಎಂಬ ಸರ್ವನಾಮಗಳಲ್ಲಿ ಹಳೆಯ ವಿಭಕ್ತಿಯ ಕುರುಹು ಇಂದಿಗೂ ಉಳಿದಿದೆ.

ಮತ್ತೊಂದು ಭೇದವನ್ನೂ ಗಮನಿಸಬೇಕು. 'ಅವಳು ವೈದ್ಯೆ' ಎಂಬುದು ಕ್ರಿಯಾಪದವಿಲ್ಲದ ಪೂರ್ಣವಾಕ್ಯ. ಇಂಗ್ಲಿಷಿಗೆ ಇದು ಸಾಲದು. 'ಷಿ ಈಸ್ ಎ ಡಾಕ್ಟರ್' ಎನ್ನಬೇಕು. ಆ 'ಈಸ್' ಕರ್ತೃವಿನ ಮುಂದಕ್ಕೆ ಬಂದರೆ 'ಈಸ್ ಷಿ ಎ ಡಾಕ್ಟರ್?' ಎಂಬ ಪ್ರಶ್ನೆಯಾಗುತ್ತದೆ. ಕರ್ತೃವನ್ನೇ ಬಿಟ್ಟು 'ಓಪನ್ ದಿ ಡೋರ್' ಎಂದರೆ ಆಜ್ಞೆ. ಆದರೆ ರೂಪವು ಕೆಲಸವನ್ನು ಪೂರ್ತಿಯಾಗಿ ನಿರ್ಣಯಿಸಲಾರದು. 'ಕುಡ್ ಯು ಓಪನ್ ದಿ ಡೋರ್?' ಎಂದು ಕೇಳಿದವರಿಗೆ 'ಯೆಸ್' ಎಂದಷ್ಟೇ ಉತ್ತರಿಸಿ ಕುಳಿತಿದ್ದರೆ ವ್ಯಾಕರಣ ತಪ್ಪಿದಂತಾಗದು. ಬಾಗಿಲು ಮಾತ್ರ ತೆರೆಯದು.

ಐದು ಪದಗಳ ವಾಕ್ಯ

1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದ ವಿಮಾನನಿಲ್ದಾಣವನ್ನು ಮಂಜು ಕವಿದಿತ್ತು. ನೆರೆಯ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಅನೇಕ ವಿಮಾನಗಳನ್ನು ಇಲ್ಲಿಗೆ ತಿರುಗಿಸಿದ್ದರು. ಕೆಎಲ್‌ಎಂ ಎಂಬ ಡಚ್ ಕಂಪೆನಿಯ ವಿಮಾನವು ಓಡುಹಾದಿಯ ಒಂದು ತುದಿಯಲ್ಲಿ ನಿಂತಿತ್ತು. ಅಮೆರಿಕದ ಪಾನ್ ಆಮ್ ಕಂಪೆನಿಯ ವಿಮಾನವು ಅದೇ ಹಾದಿಯ ಮೇಲೆ ಮೆಲ್ಲನೆ ಬರುತ್ತಿತ್ತು. ಎರಡೂ ಬೋಯಿಂಗ್ 747 ಜಾತಿಯ ಮಹಾವಿಮಾನಗಳು. ನೆಲವನ್ನು ಬಿಟ್ಟಮೇಲೆ ಹಿಡಿಯಬೇಕಾದ ಮಾರ್ಗವನ್ನು ನಿಯಂತ್ರಣಾಧಿಕಾರಿ ಡಚ್ ವಿಮಾನಕ್ಕೆ ತಿಳಿಸಿದನು. ಹೊರಡಲು ಅಪ್ಪಣೆಯನ್ನು ಇನ್ನೂ ಕೊಟ್ಟಿರಲಿಲ್ಲ. ಆದರೆ ಆ ಮಾರ್ಗಸೂಚನೆಯಲ್ಲಿಯೇ 'ಟೇಕ್-ಆಫ್' ಎಂಬ ಪದವಿತ್ತು. ಸಹಚಾಲಕನು ಸೂಚನೆಯನ್ನು ಮರಳಿ ಒಪ್ಪಿಸಿ, ಕೊನೆಯಲ್ಲಿ 'ವಿ ಆರ್ ನೌ ಅಟ್ ಟೇಕ್-ಆಫ್' ಎಂದನು. ಅಷ್ಟರಲ್ಲೇ ಮುಖ್ಯ ಚಾಲಕನು ವಿಮಾನವನ್ನು ಓಡಿಸತೊಡಗಿದ್ದನು.

ಅಧಿಕಾರಿಗೆ ಆದ ಅರ್ಥ 'ಹೊರಡುವ ಜಾಗದಲ್ಲಿ ನಿಂತಿದ್ದೇವೆ' ಎಂದು. ಅವನು 'ಓಕೆ' ಎಂದು ಕ್ಷಣಕಾಲ ತಡೆದು, 'ಕಾದಿರಿ, ಕರೆಯುತ್ತೇನೆ' ಎಂದನು. ಅದೇ ಕ್ಷಣಕ್ಕೆ ಅಮೆರಿಕನ್ ವಿಮಾನದವರು ತಾವಿನ್ನೂ ಹಾದಿಯ ಮೇಲಿದ್ದೇವೆಂದು ರೇಡಿಯೋದಲ್ಲಿ ಕೂಗಿದರು. ಎರಡು ಪ್ರಸಾರಗಳು ಒಂದರ ಮೇಲೊಂದು ಬಿದ್ದು ಕರ್ಕಶ ಶಬ್ದವಾಯಿತು. ಡಚ್ ಚಾಲಕರಿಗೆ ಸ್ಪಷ್ಟವಾಗಿ ಕೇಳಿಸಿದ್ದು 'ಓಕೆ' ಒಂದೇ. ಕೆಲವೇ ಕ್ಷಣಗಳಲ್ಲಿ ವಿಮಾನಗಳು ಡಿಕ್ಕಿಹೊಡೆದವು. 583 ಜನ ಮಡಿದರು.

ಮಂಜು, ಅವಸರ, ರೇಡಿಯೋದ ತೊಡಕು, ಇವೆಲ್ಲವೂ ಈ ದುರಂತಕ್ಕೆ ಕಾರಣಗಳು. ಆದರೂ ಆ ವಾಕ್ಯವನ್ನು ಬಿಡಿಸಿ ನೋಡೋಣ. 'ವಿ' ಕರ್ತೃ, 'ಆರ್' ಕ್ರಿಯಾಪದ, 'ನೌ' ಕಾಲಸೂಚಕ, 'ಅಟ್ ಟೇಕ್-ಆಫ್' ಸ್ಥಿತಿಯನ್ನೋ ಸ್ಥಳವನ್ನೋ ಹೇಳುವ ಪದಪುಂಜ. ಉಪಾಧ್ಯಾಯರು ಕೆಂಪು ಶಾಯಿಯಿಂದ ಗೆರೆ ಎಳೆಯುವಂತಹ ತಪ್ಪು ಇಲ್ಲಿಲ್ಲ. ಆದರೆ 'ಆರ್' ಹೇಳುವುದು ಇರುವಿಕೆಯನ್ನು ಮಾತ್ರ. 'ಟೇಕ್-ಆಫ್' ಇಲ್ಲಿ ನಾಮಪದ. ಕೆಲಸ ತೊಡಗಿತೋ ಇಲ್ಲವೋ ಎಂಬುದನ್ನು ನಾಮಪದ ಹೇಳಲಾರದು. 'ವಿ ಆರ್ ಟೇಕಿಂಗ್ ಆಫ್' ಎಂದಿದ್ದರೆ ಸಂದೇಹಕ್ಕೆ ಎಡೆಯಿರುತ್ತಿರಲಿಲ್ಲ. ನಡೆಯುತ್ತಿರುವ ಕ್ರಿಯೆಯನ್ನು ಹೇಳಲು ಡಚ್ ಭಾಷೆಯಲ್ಲಿ ಇದಕ್ಕೆ ಹೋಲುವ ಒಂದು ಕಟ್ಟಡವುಂಟು. ಅದೇ ಇಂಗ್ಲಿಷಿನೊಳಕ್ಕೆ ನುಸುಳಿರಬಹುದೆಂದು ಊಹಿಸಿದವರುಂಟು. 'ಓಕೆ' ಎಂಬುದರ ಪಾಡೂ ಅಷ್ಟೆ. ಅದು 'ಕೇಳಿಸಿತು' ಎಂಬ ಸಂಪರ್ಕದ ಮಾತೋ, 'ಹೊರಡಿ' ಎಂಬ ಅಪ್ಪಣೆಯೋ? ಪದ ಒಂದೇ, ಕೆಲಸ ಎರಡು.

ಈ ಪಾಠ ವ್ಯರ್ಥವಾಗಲಿಲ್ಲ. 'ಟೇಕ್-ಆಫ್' ಎಂಬ ಪದವನ್ನು ಹೊರಡಲು ಅಪ್ಪಣೆ ಕೊಡುವಾಗ ಇಲ್ಲವೆ ಅದನ್ನು ರದ್ದುಮಾಡುವಾಗ ಮಾತ್ರ ಬಳಸಬೇಕು, ಉಳಿದ ಕಡೆ 'ಡಿಪಾರ್ಚರ್' ಎನ್ನಬೇಕು ಎಂಬ ಕಟ್ಟಳೆ ಬಂದಿತು. ಮುಖ್ಯ ಸೂಚನೆಗಳಿಗೆ ಬರಿಯ ಒಪ್ಪಿಗೆ ಸಾಲದು, ಅವನ್ನು ಮರಳಿ ಒಪ್ಪಿಸಬೇಕು. 2008ರ ಮಾರ್ಚ್‌ನಿಂದ ಅಂತರರಾಷ್ಟ್ರೀಯ ಮಾರ್ಗಗಳ ಚಾಲಕರಿಗೂ ನಿಯಂತ್ರಣಾಧಿಕಾರಿಗಳಿಗೂ ಭಾಷಾಸಾಮರ್ಥ್ಯದ ನಿಯಮಗಳು ಜಾರಿಗೆ ಬಂದಿವೆ. ಅವುಗಳ ಆರು ಮಟ್ಟಗಳಲ್ಲಿ ಕಡೆಯಪಕ್ಷ ನಾಲ್ಕನೆಯದನ್ನು ಮುಟ್ಟಿರಬೇಕು.

ಒಂದು ಭಾಷೆಯ ಕಟ್ಟಡ ಇನ್ನೊಂದರೊಳಕ್ಕೆ ನುಸುಳುವುದು ನಮಗೂ ಹೊಸದಲ್ಲ. 'ಹತ್ತು ವರ್ಷದಿಂದ ಇಲ್ಲಿದ್ದೇನೆ' ಎಂಬ ಕನ್ನಡದ ಜಾಡು ಹಿಡಿದು 'ಐ ಆಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್' ಎನ್ನುವವರು ಎಷ್ಟು ಮಂದಿ! ಇಂಗ್ಲಿಷಿನ ಜಾಡು 'ಐ ಹ್ಯಾವ್ ಬೀನ್ ಹಿಯರ್ ಫಾರ್ ಟೆನ್ ಇಯರ್ಸ್'. ಆದುದರಿಂದ ಇಂಗ್ಲಿಷ್ ವಾಕ್ಯವೊಂದನ್ನು ಬರೆದಾಗಲೆಲ್ಲ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳೋಣ: ಕರ್ತೃ ಯಾರು? ಕ್ರಿಯಾಪದವು ನಡೆದುದನ್ನೋ, ನಡೆಯುತ್ತಿರುವುದನ್ನೋ, ನಡೆಯಬೇಕಾದುದನ್ನೋ ಖಚಿತವಾಗಿ ಹೇಳುತ್ತದೆಯೆ? ಇದನ್ನು ಕೇಳಿದವನು ಏನು ಮಾಡಬೇಕೆಂಬುದು ನಮ್ಮ ಇಚ್ಛೆ? ಕಾಲೇಜಿನ ಸೂಚನಾಫಲಕದ ಒಂದು ಪ್ರಕಟಣೆಯನ್ನು ಆರಿಸಿಕೊಂಡು ಈ ಪರೀಕ್ಷೆಯನ್ನು ನಾಳೆಯೇ ನಡೆಸಬಹುದು. ಮೊದಲೆರಡು ಪ್ರಶ್ನೆಗಳಿಗೆ ವ್ಯಾಕರಣದ ಪುಸ್ತಕವು ನೆರವಾಗುತ್ತದೆ. ಮೂರನೆಯದಕ್ಕೆ ಕೇಳುಗನ ಜಾಗದಲ್ಲಿ ನಿಂತು ನೋಡಬೇಕಾಗುತ್ತದೆ.