ಒತ್ತಿದ್ದಕ್ಕೆ ಒಂದೇ ಕಿಡಿ

ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸ್ನಾನದ ಕೋಣೆಗೆ ಅಂಟಿಕೊಂಡ ಕಿರುಕೋಣೆ. ಅಳತೆ 24 ಚದರಡಿ. 1894ರ ಹೊತ್ತಿಗೆ ಭೌತಶಾಸ್ತ್ರದ ಪ್ರಾಧ್ಯಾಪಕ ಜಗದೀಶಚಂದ್ರ ಬೋಸರಿಗೆ ಪ್ರಯೋಗಶಾಲೆ ಅಂತ ಇದ್ದದ್ದು ಇಷ್ಟೇ. ಕೈಜೋಡಿಸಿದವನು ಊರಿನ ಒಬ್ಬ ತಗಡಿನ ಕೆಲಸಗಾರ. ಸೂಕ್ಷ್ಮ ಉಪಕರಣ ಮಾಡಿ ಗೊತ್ತಿದ್ದವನಲ್ಲ.

ಇವರ ಕೈಯಲ್ಲಿ ರೂಪುಗೊಂಡದ್ದು ಆರೇಳು ಅಂಗುಲ ಎತ್ತರದ ಲೋಹದ ಪೆಟ್ಟಿಗೆ. ಒಳಗೊಂದು ಸುರುಳಿ: ಕಬ್ಬಿಣದ ತಿರುಳಿನ ಮೇಲೆ ದಪ್ಪ ತಂತಿಯ ಕೆಲವೇ ಸುತ್ತು, ಅದರ ಮೇಲೆ ಸಣ್ಣ ತಂತಿಯ ಲೆಕ್ಕವಿಲ್ಲದಷ್ಟು ಸುತ್ತು. ಕೀಲಿ ಒತ್ತಿದರೆ ಬ್ಯಾಟರಿಯ ಕರೆಂಟು ದಪ್ಪ ತಂತಿಯಲ್ಲಿ ಹರಿದು ತಿರುಳು ಕಾಂತವಾಗುತ್ತದೆ. ಕೈ ಬಿಟ್ಟೊಡನೆ ಆ ಕಾಂತಬಲ ಕುಸಿಯುತ್ತದೆ. ಕುಸಿಯುವ ರಭಸಕ್ಕೆ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಪೆಟ್ರೋಲ್ ಕಾರಿನ ಇಗ್ನಿಷನ್ ಕಾಯಿಲ್ ಕಿಡಿ ಹಾರಿಸುವುದೂ ಹೀಗೆಯೇ.

ಪೆಟ್ಟಿಗೆಗೆ ಸೇರಿದ ಕೊಳವೆಯೊಳಗೆ ಇಣುಕಿ. ಎರಡು ಪ್ಲಾಟಿನಂ ಮಣಿಗಳು, ನಡುವೆ ಅದೇ ಲೋಹದ ಪುಟ್ಟ ಗುಂಡು. ಆಚೆಗೂ ಈಚೆಗೂ ಉಳಿದ ಸಂದು ತೀರಾ ಕಿರಿದು. ಕಿಡಿ ಆ ಸಂದನ್ನು ದಾಟಿದಾಗ ಗುಂಡಿನ ಮೇಲಿನ ವಿದ್ಯುತ್ತು ಅತ್ತಿತ್ತ ತುಯ್ದು ವಿದ್ಯುತ್ಕಾಂತೀಯ ಅಲೆಯಾಗಿ ಹೊರಬೀಳುತ್ತದೆ. ಗುಂಡು ಚಿಕ್ಕದಾದಷ್ಟೂ ಅಲೆ ಗಿಡ್ಡ. ಇಂಥ ಅಲೆಗಳನ್ನು ಮೊದಲು ಎಬ್ಬಿಸಿ ತೋರಿಸಿದ ಜರ್ಮನ್ ವಿಜ್ಞಾನಿ ಹರ್ಟ್ಸ್ ತನ್ನ ಕನ್ನಡಿ ಪ್ರಯೋಗಗಳಲ್ಲಿ ಎಬ್ಬಿಸಿದ ಅಲೆ ಸುಮಾರು 66 ಸೆಂಟಿಮೀಟರ್ ಉದ್ದದ್ದು. ಬೋಸರು 5 ಮಿಲಿಮೀಟರಿಗೆ ಇಳಿಸಿದರು.

ಆಗಿನ ಸುರುಳಿಗಳಲ್ಲಿ ತಾನೇ ಕಂಪಿಸುತ್ತ ಕರೆಂಟನ್ನು ಕಡಿಕಡಿದು ಕಿಡಿಗಳ ಮಳೆ ಸುರಿಸುವ ಭಾಗವೊಂದಿರುತ್ತಿತ್ತು. ಬೋಸರು ಅದನ್ನೇ ಕೈಬಿಟ್ಟರು. ಒಮ್ಮೆ ಒತ್ತಿದರೆ ಒಂದೇ ಕಿಡಿ. ಕಿಡಿ ಸುರಿದಷ್ಟೂ ಲೋಹದ ಮೈ ತರಿತರಿಯಾಗುತ್ತದೆ, ತರಿಯಾದ ಗುಂಡು ಅಲೆ ಎಬ್ಬಿಸುವುದಿಲ್ಲ. ಪ್ಲಾಟಿನಂ ಆರಿಸಿದ್ದೂ ಮೈ ಕೆಡದಿರಲಿ ಎಂದೇ. ನನಗಂತೂ ಇಡೀ ಪೆಟ್ಟಿಗೆಯ ಅತಿ ದೊಡ್ಡ ಜಾಣ್ಮೆ ಕಾಣುವುದು ಈ ಸಂಯಮದಲ್ಲಿ. ತಗಡಿನ ಕೆಲಸಗಾರನ ಪಾಲೂ ಸಣ್ಣದಲ್ಲ. ಪೆಟ್ಟಿಗೆಗೆ ಎರಡು ಪದರ, ಒಂದು ಮೆದುಕಬ್ಬಿಣದ್ದು. ಎಲ್ಲಾದರೂ ಸೀಳು ಉಳಿದರೆ ಅಲೆ ಸೋರಿ, ಅಲೆಯನ್ನು ಗುರುತಿಸಲು ಎದುರಿಗಿಟ್ಟ ಗ್ರಾಹಕ ಉಪಕರಣ ಸುಳ್ಳೇ ಮಿಡಿಯುತ್ತದೆ.

1895ರಲ್ಲಿ ಕಲ್ಕತ್ತೆಯ ಟೌನ್ ಹಾಲ್. ಬೋಸರು ಹೊಮ್ಮಿಸಿದ ಅಲೆ ಲೆಫ್ಟಿನೆಂಟ್ ಗವರ್ನರ್ ಮೆಕೆಂಜಿಯವರ ದೇಹವನ್ನೂ ಗೋಡೆಗಳನ್ನೂ ಹಾಯ್ದು ಸುಮಾರು 75 ಅಡಿ ದೂರದಲ್ಲಿ ಪಿಸ್ತೂಲು ಹಾರಿಸಿತು, ಮದ್ದು ಸಿಡಿಸಿತು. ಆ ಕಾಣದ ಅಲೆ ಬೆಳಕಿನ ಹಾಗೇ ನಡೆದುಕೊಳ್ಳುತ್ತದೆಂದು ತೋರಿಸುವುದು ಇದಕ್ಕಿಂತ ಕಷ್ಟದ ಕೆಲಸ. ಅದಕ್ಕೆ ಬೋಸರಿಗೆ ಒದಗಿದ ಸಲಕರಣೆಗಳಲ್ಲಿ ಒಂದು ಪುಸ್ತಕವೂ ಇತ್ತು. ಬ್ರಾಡ್‌ಷಾ ರೈಲ್ವೆ ವೇಳಾಪಟ್ಟಿ, ಹಾಳೆಹಾಳೆಯ ನಡುವೆ ತವರದ ತೆಳುಹಾಳೆ. ಅಲೆಯ ಕಂಪನ ಹಾಳೆಗಳಿಗೆ ಅಡ್ಡಲಾಗಿದ್ದರೆ ದಾರಿ ಬಿಡುತ್ತದೆ; ಪುಸ್ತಕವನ್ನು ಕಾಲುಸುತ್ತು ತಿರುಗಿಸಿ ಹಿಡಿದರೆ ಅದೇ ಅಲೆಯನ್ನು ತಡೆದುಬಿಡುತ್ತದೆ.