ಸವಾರನನ್ನು ಕೆಡಹುವ ಕುದುರೆ

ಮ್ಯಾಸಿಡೋನಿಯದ ದೊರೆ ಫಿಲಿಪ್ಪನ ಮುಂದೆ ಮಾರಾಟಕ್ಕೆಂದು ಒಂದು ಕುದುರೆಯನ್ನು ತಂದು ನಿಲ್ಲಿಸಿದರು. ಬೆಲೆ 13 ಟ್ಯಾಲೆಂಟುಗಳು. ನೋಡಲು ಭವ್ಯವಾದ ಪ್ರಾಣಿ. ಆದರೆ ಹತ್ತಿರ ಹೋದವರ ಮೇಲೆಲ್ಲ ಎಗರುತ್ತಿತ್ತು, ಒಬ್ಬನಿಗೂ ಬೆನ್ನು ಕೊಡಲಿಲ್ಲ. ಅದನ್ನು ಹಿಂದಕ್ಕೆ ಕೊಂಡೊಯ್ಯಿರೆಂದು ದೊರೆ ಸಿಡಿಮಿಡಿಗೊಂಡನು. ಅದು ತನ್ನ ನೆರಳಿಗೇ ಬೆದರುತ್ತಿರುವುದು ಬಾಲಕ ಅಲೆಗ್ಸಾಂಡರನೊಬ್ಬನ ಕಣ್ಣಿಗೆ ಬಿತ್ತು. ಲಗಾಮು ಹಿಡಿದು ಅದರ ಮುಖವನ್ನು ಸೂರ್ಯನತ್ತ ತಿರುಗಿಸಿದನು, ನೆರಳು ಹಿಂದಾಯಿತು. ಮೈದಡವುತ್ತ ಸ್ವಲ್ಪ ದೂರ ಜೊತೆಯಲ್ಲಿ ಸಾಗಿ, ಬಳಿಕ ಬೆನ್ನೇರಿದನು. ಬುಸೆಫಲಸ್ ಎಂಬ ಆ ಕುದುರೆಯ ಕಥೆಯನ್ನು ಪ್ಲುಟಾರ್ಕನು ಬರೆದಿಟ್ಟಿದ್ದಾನೆ.

ಎಗರುವ ಕುದುರೆಯನ್ನು ಪಳಗಿಸಹೊರಟವರಿಗೆ ಮೊದಲ ಪಾಠ ಇದರಲ್ಲಿಯೇ ಇದೆ. ಕುದುರೆಗೆ ಮಾತು ಬಾರದು. ನೋವನ್ನೂ ಭಯವನ್ನೂ ಅದು ಮೈಯಿಂದಲೇ ಹೇಳಬೇಕು. ತಲೆ ತಗ್ಗಿಸಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಹಿಂಗಾಲುಗಳನ್ನು ಮೇಲಕ್ಕೆ ಝಾಡಿಸಿತೆಂದರೆ ಎಂತಹ ಸವಾರನಾದರೂ ನೆಲ ಕಾಣಬಹುದು. ಕೈಕಾಲು ಮುರಿಯುವುದುಂಟು, ಪ್ರಾಣವೂ ಹೋಗುವುದುಂಟು.

ಆದುದರಿಂದ ಹತ್ತುವ ಮೊದಲೇ ಪರೀಕ್ಷಿಸಬೇಕು. ಜೀನು ಸರಿಯಾಗಿ ಕೂರದೆ ಬೆನ್ನನ್ನು ಒತ್ತುತ್ತಿದೆಯೆ? ಹೊಟ್ಟೆಪಟ್ಟಿಯ ಕೆಳಗೆ ಹುಣ್ಣಿದೆಯೆ? ಹಲ್ಲು ನೋಯುತ್ತಿದ್ದು ಕಡಿವಾಣ ತಾಕುತ್ತಿದೆಯೆ? ದಿನಗಟ್ಟಲೆ ಲಾಯದಲ್ಲಿ ಕಟ್ಟಿ ಹೊಟ್ಟೆ ತುಂಬ ಧಾನ್ಯ ತಿನ್ನಿಸಿದ ಕುದುರೆಯೂ ಎಗರಿಯೇ ತನ್ನ ಕಸುವನ್ನು ತೀರಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದುದು ಮೇವಿನಲ್ಲಿ ಹಿಡಿತ, ದಿನವೂ ದುಡಿಮೆ.

ಬೆನ್ನ ಮೇಲಿರುವಾಗಲೇ ಎಗರತೊಡಗಿದರೆ, ಅದಕ್ಕೆ ತಲೆ ತಗ್ಗಿಸಗೊಡಬಾರದು. ತಲೆ ಮೇಲಿದ್ದರೆ ಬೆನ್ನು ಬಿಲ್ಲಾಗುವುದು ಕಷ್ಟ. ಸವಾರನು ಹಿಮ್ಮಡಿಯನ್ನು ಕೆಳಕ್ಕೆ ಒತ್ತಿ, ಮೈಯನ್ನು ತುಸು ಹಿಂದಕ್ಕಿಟ್ಟು ಕುಳಿತಿರಬೇಕು. ಮುಂದಕ್ಕೆ ಬಾಗಿದರೆ ಬಿದ್ದನೆಂದೇ ಅರ್ಥ. ಒಂದೇ ಬದಿಯ ಲಗಾಮನ್ನು ಸೆಳೆದು ಕುದುರೆಯನ್ನು ಸುತ್ತು ತಿರುಗಿಸುವುದು ಒಳ್ಳೆಯ ಉಪಾಯ. ಆದರೆ ನಾಗಾಲೋಟದಲ್ಲಿದ್ದಾಗ ಥಟ್ಟನೆ ಸೆಳೆಯಲಾಗದು. ಕುದುರೆ ಸವಾರನೊಡನೆ ಉರುಳೀತು.

ಶಾಂತವಾದ ಮೇಲೆ ನೋವಿನ ಶಂಕೆಯಿದ್ದರೆ ಇಳಿದು ನೋಡಬೇಕು. ಅಂತಹ ಕಾರಣವಿಲ್ಲದಿದ್ದರೆ ನಾಲ್ಕು ಹೆಜ್ಜೆ ನಡೆಸಿಯೇ ಇಳಿಯಬೇಕು. ಎಗರಿದರೆ ದುಡಿಮೆ ತಪ್ಪುತ್ತದೆಂಬುದನ್ನು ಅದು ಬಹುಬೇಗ ಕಲಿಯುತ್ತದೆ. ಚಾವಟಿಯ ಸೇಡು ಮಾತ್ರ ಸಲ್ಲದು. ಕೋಪದಿಂದ ಕುದುರೆಯ ಬಳಿಗೆ ಹೋಗಲೇಬಾರದೆಂದು ಗ್ರೀಕ್ ಲೇಖಕ ಕ್ಸೆನೊಫನ್ ಕ್ರಿ.ಪೂ. 4ನೆಯ ಶತಮಾನದಲ್ಲಿಯೇ ಬೋಧಿಸಿದ್ದನು.

ಹಟಮಾರಿಯೆಂಬ ಹೆಸರು ಬಂದ ಕುದುರೆ ಕೈಯಿಂದ ಕೈಗೆ ಮಾರಾಟವಾಗಿ ಹಾಳಾಗುತ್ತದೆ. ತಪ್ಪು ಅದರದೋ, ಜೀನು ಬಿಗಿದವನದೋ ಎಂದು ಕೇಳುವವರು ವಿರಳ. ಫಿಲಿಪ್ಪನು ಬೇಡವೆಂದ ಬುಸೆಫಲಸ್ ಅಲೆಗ್ಸಾಂಡರನೊಡನೆ ಝೀಲಂ ನದಿಯ ದಡದವರೆಗೂ ಬಂದಿತು. ಕ್ರಿ.ಪೂ. 326ರಲ್ಲಿ ಅದು ಸತ್ತಾಗ, ಅದರ ಹೆಸರಿನಲ್ಲಿ ಅಲ್ಲಿ ಒಂದು ನಗರವೇ ಎದ್ದಿತು.