ಕೇಳುತ್ತಾ ಕೇಳುತ್ತಾ ರಾಗ

ಹಾಡುತ್ತಾ ಹಾಡುತ್ತಾ ರಾಗ, ನರಳುತ್ತಾ ನರಳುತ್ತಾ ರೋಗ ಎಂಬ ಗಾದೆ ಎಲ್ಲರಿಗೂ ಗೊತ್ತು. ಹಿರಿಯರು ಇದನ್ನು ಹೇಳಿದ್ದು ಹಾಡುವವರನ್ನು ನೋಡಿ. ಕೇಳುವವರಿಗೂ ಇದೇ ಮಾತು ಅನ್ವಯಿಸುತ್ತದೆ ಎಂಬುದು ನಮಗೆ ಅಷ್ಟಾಗಿ ಹೊಳೆಯುವುದಿಲ್ಲ. ಹಾಡು ಎಂದರೆ ಕೇಳಿದ ಕೂಡಲೇ ಹಿಡಿಸಬೇಕು, ಇಲ್ಲವಾದರೆ ಮುಂದಿನದಕ್ಕೆ ಹಾರಬೇಕು. ಇದು ನಮ್ಮ ತಲೆಮಾರಿನ ಅಲಿಖಿತ ನಿಯಮ. ಮೊಬೈಲ್ ಹಿಡಿದ ಕೈಯ ಹೆಬ್ಬೆರಳು ಸದಾ ಸ್ಕಿಪ್ ಬಟನ್ ಹತ್ತಿರವೇ ಸುಳಿದಾಡುತ್ತಿರುತ್ತದೆ.

ಈ ಅವಸರ ನಮ್ಮದು ಮಾತ್ರವಲ್ಲ, ಉದ್ಯಮದ್ದೂ ಹೌದು. ಸ್ಪಾಟಿಫೈಯಲ್ಲಿ ಒಂದು ಹಾಡನ್ನು ಕನಿಷ್ಠ 30 ಸೆಕೆಂಡ್ ಕೇಳಿದರೆ ಮಾತ್ರ ಅದು ಒಂದು ಸ್ಟ್ರೀಮ್ ಎಂದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕೇಳುಗ ಓಡಿಹೋಗುವ ಮೊದಲೇ ಅವನನ್ನು ಹಿಡಿದು ನಿಲ್ಲಿಸುವ ಒತ್ತಡ ಹಾಡು ಕಟ್ಟುವವರ ಮೇಲಿದೆ. ಉದ್ದದ ಆರಂಭ ಸಂಗೀತ ಕಡಿಮೆಯಾಗುತ್ತಿದೆ, ಪಲ್ಲವಿ ಬೇಗ ಬರುತ್ತಿದೆ. ಇದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಹಾಡುಗಳು ಹೀಗೂ ಹುಟ್ಟುತ್ತವೆ. ಆದರೆ 30 ಸೆಕೆಂಡಿನಲ್ಲಿ ತನ್ನನ್ನು ಬಿಟ್ಟುಕೊಡದ ಸಂಗೀತವೂ ಬೇಕಾದಷ್ಟಿದೆ. ಅದು ಮೊದಲ ಸಲ ಗದ್ದಲದಂತೆ ಕೇಳಿಸುತ್ತದೆ, ಎರಡನೆಯ ಸಲ ಬೇಸರ ತರಿಸುತ್ತದೆ, ಐದಾರು ಸಲ ಕೇಳಿದ ಮೇಲೆ ಇದ್ದಕ್ಕಿದ್ದಂತೆ ಬಾಗಿಲು ತೆರೆಯುತ್ತದೆ. ಅಂಥ ಸಂಗೀತದ ಪರವಾಗಿ ನಾಲ್ಕು ಮಾತು ಹೇಳಬೇಕೆನಿಸಿತು.

ಮಣಿಪಾಲದ ಹಾಸ್ಟೆಲುಗಳಲ್ಲಿ ಪಾಶ್ಚಾತ್ಯ ಸಂಗೀತ ಕೇಳುವವರಿಗೆ ಇದರ ಉದಾಹರಣೆಗಳು ಗೊತ್ತೇ ಇರುತ್ತವೆ. ಇಂಗ್ಲೆಂಡಿನ ರೇಡಿಯೋಹೆಡ್ ತಂಡ 1997ರಲ್ಲಿ 'ಓಕೆ ಕಂಪ್ಯೂಟರ್' ಆಲ್ಬಂನಿಂದ ಜಗತ್ಪ್ರಸಿದ್ಧವಾಯಿತು. ಮುಂದಿನ ಆಲ್ಬಂ 'ಕಿಡ್ ಎ' 2000ದ ಅಕ್ಟೋಬರಿನಲ್ಲಿ ಬಂದಾಗ ಗಿಟಾರ್ ಹಿನ್ನೆಲೆಗೆ ಸರಿದಿತ್ತು, ಹಲವೆಡೆ ಸಿಂಥಸೈಸರ್ ಮತ್ತು ಮಸುಕಾದ ದನಿ ಮಾತ್ರ ಉಳಿದಿತ್ತು. ಕೆಲವು ವಿಮರ್ಶಕರು ಅದನ್ನು ಮೊದಲ ಕೇಳುವಿಕೆಗೇ ತಳ್ಳಿಹಾಕಿದರು. ಅದೇ ಆಲ್ಬಂ ಅನ್ನು ರೋಲಿಂಗ್ ಸ್ಟೋನ್ ಪತ್ರಿಕೆ ಮುಂದೆ ಆ ದಶಕದ ಅತ್ಯುತ್ತಮ ಆಲ್ಬಂ ಎಂದು ಆರಿಸಿತು. ಇನ್ನೊಂದು, ಕ್ಯಾಪ್ಟನ್ ಬೀಫ್‌ಹಾರ್ಟ್ ಅವರ 1969ರ 'ಟ್ರೌಟ್ ಮಾಸ್ಕ್ ರೆಪ್ಲಿಕಾ'. ಅದರಲ್ಲಿ 28 ತುಣುಕುಗಳಿವೆ, ಒಂದೊಂದು ವಾದ್ಯವೂ ಬೇರೆ ಬೇರೆ ದಿಕ್ಕಿಗೆ ಓಡಿದಂತೆ ಕೇಳುತ್ತದೆ. 'ಸಿಂಪ್ಸನ್ಸ್' ಕಾರ್ಟೂನ್ ಸೃಷ್ಟಿಸಿದ ಮ್ಯಾಟ್ ಗ್ರೋನಿಂಗ್ ಹುಡುಗನಾಗಿದ್ದಾಗ ಇದನ್ನು ಕೇಳಿ, ಇಷ್ಟು ಕೆಟ್ಟದ್ದನ್ನು ಎಂದೂ ಕೇಳಿಲ್ಲ ಅಂದುಕೊಂಡರಂತೆ. ಆರೇಳನೆಯ ಸಲ ಕೇಳುವ ಹೊತ್ತಿಗೆ ಅದು ಅವರ ಅಚ್ಚುಮೆಚ್ಚಿನ ಆಲ್ಬಂ ಆಗಿತ್ತು.

ಆದರೆ ಇಂಥ ಕಠಿಣ ಸಂಗೀತ ಹುಡುಕಲು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಊರಿನ ಸಂಗೀತವೇ ನಮ್ಮಲ್ಲಿ ಹಲವರಿಗೆ ಕಬ್ಬಿಣದ ಕಡಲೆ.

ಯಕ್ಷಗಾನವನ್ನೇ ತೆಗೆದುಕೊಳ್ಳಿ. ಸ್ಥೂಲವಾಗಿ ಹೇಳುವುದಾದರೆ ಉಡುಪಿಯಿಂದ ಉತ್ತರಕ್ಕೆ ಬಡಗುತಿಟ್ಟು, ದಕ್ಷಿಣಕ್ಕೆ ಕಾಪು, ಕಾರ್ಕಳದ ಕಡೆ ತೆಂಕುತಿಟ್ಟು. ಬಡಗಿನ ಕಾಳಿಂಗ ನಾವಡರ ದನಿ ಹೊಸಬರನ್ನೂ ಬೇಗ ಸೆಳೆಯುತ್ತದೆ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 30ರ ಆಸುಪಾಸಿನ ವಯಸ್ಸು. ಇಂದಿಗೂ ಅವರ ಪದಗಳು ಕಾರುಗಳಲ್ಲಿ, ಹೋಟೆಲುಗಳಲ್ಲಿ ಕೇಳಿಸುತ್ತವೆ. ತೆಂಕಿನ ಬಲಿಪ ನಾರಾಯಣ ಭಾಗವತರದ್ದು ಬೇರೆಯೇ ದಾರಿ. ಕಾಸರಗೋಡಿನ ಪಡ್ರೆಯ ಮನೆತನದವರಾದ ಅವರು ಕಾರ್ಕಳದಿಂದ ದೂರವಲ್ಲದ, ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದರು. ಅವರದೇ ಹೆಸರಿನ ಅಜ್ಜ ಕೂಡ ಹೆಸರಾಂತ ಭಾಗವತರು. ಐದು ರಾತ್ರಿ ಆಡುವಂಥ ದೇವಿಮಹಾತ್ಮೆ ಪ್ರಸಂಗವನ್ನು ರಚಿಸಿದ ಈ ಹಿರಿಯರು 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಹಾಡಿಕೆಗೆ 'ಬಲಿಪ ಶೈಲಿ' ಎಂದೇ ಹೆಸರು.

ಸಿನಿಮಾ ಹಾಡಿಗೆ ಒಗ್ಗಿದ ಕಿವಿಗೆ ಬಲಿಪರ ರೆಕಾರ್ಡಿಂಗ್ ಮೊದಲು ಒರಟಾಗಿ ಕೇಳುತ್ತದೆ. ಏರು ಶ್ರುತಿ, ತುಂಬು ಗಂಟಲು, ನೇರವಾಗಿ ಬಂದು ಎದೆಗೆ ಬಡಿಯುವ ದನಿ. ಸ್ವರವನ್ನು ಬಳುಕಿಸುವ, ಎಳೆದು ಅಲಂಕರಿಸುವ ಗೋಜಿಗೆ ಅವರು ಹೋಗುವುದಿಲ್ಲ. ನನಗಂತೂ ಮೊದಲ ಸಲ ಕೇಳಿದಾಗ ಚೆಂಡೆ ಮತ್ತು ದೊಡ್ಡ ದನಿ ಬಿಟ್ಟರೆ ಬೇರೇನೂ ದಕ್ಕಲಿಲ್ಲ. ಎರಡನೆಯ ಸಲ ಪದದ ಅಕ್ಷರಗಳು ಬಿಡಿಬಿಡಿಯಾಗಿ ಕೇಳಿಸಿದವು. ಮೂರನೆಯ ಸಲ ಆ ಅಕ್ಷರಗಳು ತಾಳದ ಪೆಟ್ಟಿನ ಮೇಲೆ ಎಲ್ಲಿ ಕೂರುತ್ತವೆ, ಎಲ್ಲಿ ಬೇಕೆಂದೇ ಪೆಟ್ಟಿನಿಂದ ಆಚೆ ಸರಿಯುತ್ತವೆ ಎಂಬುದು ಕಂಡಿತು. ಅನಂತರ ಒಂದು ದಿನ ರಂಗಸ್ಥಳವೇ ಕಣ್ಣಮುಂದೆ ಬಂತು. ಇದು ಆರಾಮವಾಗಿ ಕೂತು ಕೇಳಲೆಂದು ಕಟ್ಟಿದ ಹಾಡಲ್ಲ. ವೇಷವನ್ನು ಕುಣಿಸಲೆಂದು, ಗದ್ದೆಯ ಆಚೆ ಬದಿಯಲ್ಲಿ ಕೂತವನಿಗೂ ಕಥೆ ಮುಟ್ಟಲೆಂದು ಕಟ್ಟಿದ ಹಾಡು. ಅದು ಹೊಳೆದ ಮೇಲೆ ಒರಟು ಎನಿಸಿದ್ದೇ ಗಟ್ಟಿತನವಾಗಿ ಕೇಳತೊಡಗಿತು. ರೆಕಾರ್ಡಿಂಗ್ ಅದೇ, ಕೇಳುವ ಕಿವಿ ಬೇರೆಯಾಗಿತ್ತು.

ಕಾಪುವಿನ ನಾಗಸ್ವರದ ವಿಷಯವೂ ಹಾಗೆಯೇ. ಅಲ್ಲಿನ ಮಾರಿಗುಡಿಯಲ್ಲಿ ಮುಸ್ಲಿಂ ಕುಟುಂಬವೊಂದು ತಲೆಮಾರುಗಳಿಂದ ನಾಗಸ್ವರ ನುಡಿಸುತ್ತ ಬಂದಿದೆ. ಗುಡಿಯ ಅಂಗಳದಲ್ಲಿ ಕೇಳಿದರೆ ಆ ನಾದ ಹಬ್ಬದ ಭಾಗ. ಅದೇ ನಾಗಸ್ವರವನ್ನು ಇಯರ್‌ಫೋನಿನಲ್ಲಿ ಕೇಳಿದರೆ ಮೊದಲಿಗೆ ಚುಚ್ಚಿದಂತಾಗುತ್ತದೆ. ಕಾರಣ ಸರಳ: ಅದು ಬಯಲಿಗೆ, ಮೆರವಣಿಗೆಗೆ ಹುಟ್ಟಿದ ವಾದ್ಯ. ತಮಿಳುನಾಡಿನ ಟಿ.ಎನ್. ರಾಜರತ್ನಂ ಪಿಳ್ಳೆಯವರ ತೋಡಿ ರಾಗ ಸಂಗೀತಪ್ರಿಯರ ನಡುವೆ ದಂತಕತೆಯಾಗಿದೆ. ಅದರ ಹಳೆಯ ರೆಕಾರ್ಡಿಂಗ್ ಕೇಳುವಾಗ ಇಯರ್‌ಫೋನ್ ತೆಗೆದಿಟ್ಟು, ಸಣ್ಣ ಸ್ಪೀಕರಿನಲ್ಲಿ ಹಾಕಿ ಪಕ್ಕದ ಕೋಣೆಯಲ್ಲಿ ಕುಳಿತು ನೋಡಿ. ಕೆಲವೊಮ್ಮೆ ಬದಲಾಗಬೇಕಾದದ್ದು ಅಭಿರುಚಿಯಲ್ಲ, ಕೇಳುವ ದೂರ ಮಾತ್ರ.

ಇನ್ನು ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು. ಅವರ ಹಾಡಿಕೆ ಕಠಿಣ ಎನಿಸಲು ಸ್ಪಷ್ಟವಾದ ಕಾರಣವಿದೆ. ಅವರು ಹಾಡಿದ ಜೈಪುರ-ಅತ್ರೌಲಿ ಘರಾಣೆಯಲ್ಲಿ ಅಪರೂಪದ ಮತ್ತು ಜೋಡು ರಾಗಗಳು ಹೆಚ್ಚು. ಬಸಂತಿ ಕೇದಾರ ಎಂಬ ರಾಗದಲ್ಲಿ ವಸಂತ್ ಮತ್ತು ಕೇದಾರ ಎರಡೂ ಹೆಣೆದುಕೊಂಡಿರುತ್ತವೆ. ಆ ಎರಡನ್ನೂ ಬಿಡಿಯಾಗಿ ಕೇಳದವನಿಗೆ ಒಂದರಿಂದ ಇನ್ನೊಂದಕ್ಕೆ ಜಾರುವ ಸೊಗಸು ತಿಳಿಯುವುದು ಹೇಗೆ? ಹಾಗಾಗಿ ಮೊದಲು ವಸಂತ್, ಆಮೇಲೆ ಕೇದಾರ, ಆಮೇಲೆ ಬಸಂತಿ ಕೇದಾರ ಎಂದು ಕ್ರಮವಾಗಿ ಕೇಳಿದರೆ ಅರ್ಧ ಕಷ್ಟ ಕಳೆಯುತ್ತದೆ. ಮನ್ಸೂರರ ಬದುಕೂ ಇದಕ್ಕೆ ಒಳ್ಳೆಯ ಪಾಠ. ಗ್ವಾಲಿಯರ್ ಘರಾಣೆಯ ನೀಲಕಂಠ ಬುವಾ ಅವರಲ್ಲಿ ಕಲಿತು, ಗ್ರಾಮಫೋನ್ ರೆಕಾರ್ಡುಗಳಿಂದ ಹೆಸರು ಮಾಡಿದ ಮೇಲೆ ಅವರು ಮಂಜಿಖಾನರ ಬಳಿ ಮತ್ತೆ ಶಿಷ್ಯರಾಗಿ ಕುಳಿತರು. ಮಂಜಿಖಾನರು ಬೇಗನೆ ತೀರಿಕೊಂಡಾಗ ಅವರ ಸೋದರ ಬುರ್ಜಿಖಾನರಲ್ಲಿ ಕಲಿಕೆ ಮುಂದುವರಿಸಿದರು. ಹಾಡುವವರೇ ಇಷ್ಟು ಸಮಯ ಕೊಟ್ಟ ಸಂಗೀತಕ್ಕೆ ಕೇಳುವ ನಾವು ನಾಲ್ಕು ಸಲವಾದರೂ ಕೊಡಬೇಡವೇ?

ಪದೇ ಪದೇ ಕೇಳಿದಾಗ ಏನಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿದ್ದಾರೆ. ಪರಿಚಯವೇ ಇಷ್ಟವನ್ನು ಹುಟ್ಟಿಸುತ್ತದೆ ಎಂದು ಅಮೆರಿಕದ ರಾಬರ್ಟ್ ಜಾಯಾನ್ಸ್ 1968ರಲ್ಲಿ ತೋರಿಸಿದರು. ಅರ್ಥವಿಲ್ಲದ ಪದಗಳನ್ನೂ ಗುರುತಿಲ್ಲದ ಮುಖಗಳನ್ನೂ ಹೆಚ್ಚು ಸಲ ಕಂಡಷ್ಟು ಜನ ಅವನ್ನು ಹೆಚ್ಚು ಮೆಚ್ಚಿದರು. ಎಲಿಜಬೆತ್ ಮಾರ್ಗುಲಿಸ್ ಎಂಬ ಸಂಶೋಧಕಿ ಸಂಗೀತವನ್ನೇ ಪ್ರಯೋಗಕ್ಕೆ ತೆಗೆದುಕೊಂಡರು. ಲೂಸಿಯಾನೊ ಬೆರಿಯೊ, ಎಲಿಯಟ್ ಕಾರ್ಟರ್ ಅವರಂಥ ಕಠಿಣ ಆಧುನಿಕ ಸಂಯೋಜಕರ ಕೃತಿಗಳ ಭಾಗಗಳನ್ನು ಕತ್ತರಿಸಿ, ಅಂಟಿಸಿ, ಕೆಲವು ತುಣುಕು ಎರಡೆರಡು ಸಲ ಬರುವಂತೆ ಮಾಡಿದರು. ಕಲೆಯ ದೃಷ್ಟಿಯಿಂದ ನೋಡಿದರೆ ಅದು ಹಾಳುಗೆಡವುವ ಕೆಲಸವೇ. ಆದರೂ ಕೇಳುಗರು ಆ ಪುನರಾವರ್ತನೆಯ ಆವೃತ್ತಿಯನ್ನೇ ಹೆಚ್ಚು ಇಷ್ಟಪಟ್ಟರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪದೇ ಪದೇ ಕೇಳಿದರೆ ಏನು ಬೇಕಾದರೂ ಇಷ್ಟವಾಗುತ್ತದೆ ಎಂದಾದರೆ ಕಠಿಣ ಆಲ್ಬಮ್ಮಿನ ಹೆಚ್ಚುಗಾರಿಕೆ ಏನು? ಬಸ್ಸಿನಲ್ಲಿ ದಿನವೂ ಮೊಳಗುವ, ಮೊದಲು ಕಿರಿಕಿರಿ ಎನಿಸಿದ ಹಾಡನ್ನು ತಿಂಗಳ ಕೊನೆಗೆ ನಾವೇ ಗುನುಗುತ್ತೇವಲ್ಲ! ಪ್ರಶ್ನೆ ನ್ಯಾಯವಾದದ್ದೇ. ನನಗೆ ತೋಚುವ ಉತ್ತರ ಇದು: ಇಷ್ಟವಾಗುವುದು ಬೇರೆ, ಕೇಳಿಸತೊಡಗುವುದು ಬೇರೆ. ಬಸ್ಸಿನ ಹಾಡು ಮೂವತ್ತನೆಯ ಸಲವೂ ಮೊದಲ ಸಲ ಕೇಳಿಸಿದಷ್ಟೇ ಕೇಳಿಸುತ್ತದೆ, ಕಿವಿಗೆ ಅಭ್ಯಾಸವಾಗಿರುತ್ತದೆ ಅಷ್ಟೆ. ಒಳ್ಳೆಯ ಕಠಿಣ ಸಂಗೀತದಲ್ಲಿ ಪ್ರತಿ ಸಲವೂ ಹಿಂದೆ ಕೇಳಿಸದೇ ಇದ್ದ ಏನೋ ಒಂದು ಹೊಸತಾಗಿ ಕೇಳಿಸುತ್ತದೆ. ಅದೇ ಪರೀಕ್ಷೆ. ಐದು ಸಲ ಗಮನವಿಟ್ಟು ಕೇಳಿದ ಮೇಲೂ ಹೊಸದೇನೂ ಸಿಗದಿದ್ದರೆ ನಿಶ್ಚಿಂತೆಯಿಂದ ಬಿಟ್ಟುಬಿಡಿ. ಕಷ್ಟವಾದದ್ದೆಲ್ಲ ಶ್ರೇಷ್ಠವಲ್ಲ. ಯಾರೋ ದೊಡ್ಡವರು ಹೊಗಳಿದ್ದಾರೆಂದು ತಲೆದೂಗಬೇಕಾಗಿಯೂ ಇಲ್ಲ.

ನಮ್ಮ ಅಪ್ಪ-ಅಮ್ಮಂದಿರ ಕಾಲದಲ್ಲಿ ಈ ಐದು ಸಲ ತಾನಾಗಿಯೇ ಆಗುತ್ತಿತ್ತು. ದುಡ್ಡು ಕೊಟ್ಟು ತಂದ ಕ್ಯಾಸೆಟ್ ಒಂದೋ ಎರಡೋ. ಒಂದು ಬದಿಗೆ ಅರ್ಧ ಗಂಟೆ. ಹಾಡು ಹಾರಿಸಬೇಕಾದರೆ ಬಟನ್ ಒತ್ತಿ ಹಿಡಿದು ಅಂದಾಜಿನಲ್ಲಿ ನಿಲ್ಲಿಸಬೇಕು. ಅದಕ್ಕಿಂತ ಕೇಳುವುದೇ ಸುಲಭ. ತಾಳ್ಮೆ ಅವರ ಗುಣವಾಗಿತ್ತೋ ಇಲ್ಲವೋ, ಯಂತ್ರವೇ ತಾಳ್ಮೆ ಕಲಿಸುತ್ತಿತ್ತು. ನಮ್ಮ ಯಂತ್ರ ಅದನ್ನು ಕಲಿಸುವುದಿಲ್ಲವಾದ್ದರಿಂದ ನಾವೇ ಒಂದು ಉಪಾಯ ಮಾಡಿಕೊಳ್ಳಬೇಕು.

ನಮ್ಮ ಕಡೆ ಆ ಉಪಾಯ ಸಿದ್ಧವಾಗಿಯೇ ಇದೆ: ಬಸ್ ಪ್ರಯಾಣ. ಕಾರ್ಕಳದಿಂದ ಉಡುಪಿಗೆ ಹೆಚ್ಚುಕಡಿಮೆ ಒಂದು ಗಂಟೆ. ಕಾಪುವಿನಿಂದ ಉಡುಪಿಗೆ ಬಂದು, ಬಸ್ ಬದಲಿಸಿ ಮಣಿಪಾಲ ಹತ್ತುವಷ್ಟರಲ್ಲಿ ಮುಕ್ಕಾಲು ಗಂಟೆ. ಒಂದು ಆಲ್ಬಮ್ಮಿನ ಉದ್ದವೂ ಸುಮಾರಾಗಿ ಅಷ್ಟೇ. ಒಂದು ವಾರಕ್ಕೆ ಒಂದೇ ಆಲ್ಬಂ ಅಥವಾ ಒಂದೇ ಪ್ರಸಂಗದ ಒಂದು ಭಾಗ ಎಂದು ನಿಶ್ಚಯಿಸಿ, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಬಸ್ಸಿನ ಸದ್ದು ಮೀರಿಸಲು ವಾಲ್ಯೂಮ್ ಏರಿಸುತ್ತ ಹೋಗಬೇಡಿ, ಕಿವಿ ಒಂದೇ ಜೊತೆ ಇರುವುದು. ಮೊದಲ ದಿನ ಸುಮ್ಮನೆ ಕೇಳಿ. ಎರಡನೆಯ ದಿನ ತಾಳವನ್ನಷ್ಟೇ ಹಿಡಿಯಿರಿ. ಮೂರನೆಯ ದಿನ ಒಂದೇ ವಾದ್ಯದ ಬೆನ್ನು ಹತ್ತಿ. ನಾಲ್ಕನೆಯ ದಿನ ಅದರ ಬಗ್ಗೆ ಏನಾದರೂ ಓದಿಕೊಂಡು ಕೇಳಿ. ಶುಕ್ರವಾರ ಏನನ್ನೂ ಹುಡುಕದೆ ಕೇಳಿ. ಶನಿವಾರ ತೀರ್ಪು ಕೊಡಿ.

ಓದು ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಇದೆಲ್ಲ ಪುರುಸೊತ್ತಿದ್ದವರ ಮಾತು ಎನಿಸಬಹುದು. ಆದರೆ ಇದಕ್ಕೆ ಖರ್ಚಿಲ್ಲ. ಉಡುಪಿಯ ರಾಜಾಂಗಣದಲ್ಲಿ, ಎಂಜಿಎಂ ಕಾಲೇಜಿನ ವಾದಿರಾಜ ಕನಕದಾಸ ಸಂಗೀತೋತ್ಸವದಲ್ಲಿ ಕುಳಿತು ಕೇಳಬಹುದು. ದೀಪಾವಳಿಯ ಬಳಿಕ ಮೇಳಗಳು ಹೊರಟರೆ ಪತ್ತನಾಜೆಯವರೆಗೆ ಊರೂರಿನಲ್ಲಿ ಬಯಲಾಟವಿದೆ. ಮನೆಯಲ್ಲಿ ಕೇಳಿ ಪರಿಚಯವಾದ ಪದ ಬಯಲಿನಲ್ಲಿ ಎದುರಾದರೆ ಅದರ ಖುಷಿಯೇ ಬೇರೆ. ಇನ್ನೊಂದು ಲಾಭವೂ ಇದೆ. ಬ್ಯಾಂಕ್ ಪರೀಕ್ಷೆಯ ಲೆಕ್ಕಗಳು, ಹೊಸ ಪ್ರೋಗ್ರಾಮಿಂಗ್ ಭಾಷೆ, ಅರ್ಥವಾಗದ ಸಂವಿಧಾನದ ವಿಧಿಗಳು ಎಲ್ಲವೂ ಮೊದಲ ದಿನ ಗದ್ದಲವೇ. 'ಇದು ನನ್ನದಲ್ಲ' ಎಂಬ ಭಾವನೆಯನ್ನು ತಕ್ಷಣ ನಂಬದೆ ಇನ್ನೆರಡು ದಿನ ಕಾಯುವುದನ್ನು ಸಂಗೀತದಲ್ಲಿ ರೂಢಿಸಿಕೊಂಡವನಿಗೆ ಪುಸ್ತಕದ ಮುಂದೆಯೂ ಅದು ಒದಗಬಹುದು. ಕೆಲಸ ಸಿಗುತ್ತದೆ ಎಂದು ಭರವಸೆ ಕೊಡುವುದಿಲ್ಲ, ಕಾಯುವ ದಿನಗಳು ಬರಿದಾಗುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಕೊನೆಯದಾಗಿ ಒಂದು ಮಾತು. ಹಿಡಿಸಿದ್ದನ್ನೇ ಮತ್ತೆ ಮತ್ತೆ ಬಡಿಸುವುದು ಆ್ಯಪುಗಳ ಕೆಲಸ. ನಮಗೆ ಇಪ್ಪತ್ತು ವರ್ಷವಾದಾಗ ಏನು ಇಷ್ಟವಿತ್ತೋ ಅದನ್ನೇ ನಲವತ್ತರಲ್ಲೂ ಕೇಳಿಸುವಷ್ಟು ಅವು ಜಾಣ. ಅತ್ತ ಬಲಿಪರು, ನಾವಡರು, ಮನ್ಸೂರರು ಯಾರೂ ಇಂದು ನಮ್ಮ ನಡುವೆ ಇಲ್ಲ, ರೆಕಾರ್ಡಿಂಗುಗಳಿವೆ. ರೆಕಾರ್ಡಿಂಗ್ ಹಾಳಾಗದಂತೆ ಕಾಪಾಡುವ ಕೆಲಸವನ್ನು ಸಂಸ್ಥೆಗಳು ಮಾಡಬಹುದು, ಅದನ್ನು ಕೇಳಬಲ್ಲ ಕಿವಿಯನ್ನು ಯಾವ ಸಂಸ್ಥೆಯೂ ಕಪಾಟಿನಲ್ಲಿಟ್ಟು ಕಾಪಾಡಲಾರದು. ಅದು ಒಬ್ಬೊಬ್ಬರೂ ಹೊಸದಾಗಿ ಬೆಳೆಸಿಕೊಳ್ಳಬೇಕಾದದ್ದು. ಈ ಸೋಮವಾರದ ಬಸ್ಸಿನಿಂದಲೇ ಶುರು ಮಾಡಬಹುದಲ್ಲ?